ಹಳೇ ಕಂಪ್ಯೂಟರ್ ಪತ್ರಿಕೆಗಳು: ಯಾವುದನ್ನು ಕೊಳ್ಳಬೇಕು, ಹೇಗೆ ಇಡಬೇಕು?

ಪ್ರಶ್ನೆ: ಎಪ್ಪತ್ತು, ಎಂಬತ್ತರ ದಶಕದ ಕಂಪ್ಯೂಟರ್ ಪತ್ರಿಕೆಗಳನ್ನು ಕೂಡಿಡುವ ಆಸೆ ಹುಟ್ಟಿದೆ. ಆದರೆ ಎಷ್ಟೋ ಸಂಚಿಕೆಗಳ ಸ್ಕ್ಯಾನ್ ಆನ್‌ಲೈನ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಟ್ಟು ಕಾಗದ ಕೊಳ್ಳುವುದು ದಡ್ಡತನವಾ? ಕೊಳ್ಳುವುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಓದುವುದಷ್ಟೇ ಆಸೆಯಾದರೆ ಸ್ಕ್ಯಾನ್ ಸಾಕು. ಹುಡುಕಾಟಕ್ಕಂತೂ ಅದೇ ವಾಸಿ. ನಾನೂ ಮೊದಲು ಅಲ್ಲೇ ನೋಡುತ್ತೇನೆ. ಆದರೆ ಸ್ಕ್ಯಾನ್‌ಗೆ ಸಿಗದ ಸಂಗತಿಗಳೂ ಇವೆ. 1977ರ ಮೇ ತಿಂಗಳ ‘ಇಂಟರ್‌ಫೇಸ್ ಏಜ್’ ಜೊತೆ ತೆಳ್ಳನೆಯ ಪ್ಲಾಸ್ಟಿಕ್ ಗ್ರಾಮಫೋನ್ ರೆಕಾರ್ಡ್ ಒಂದನ್ನು ಕೊಟ್ಟಿದ್ದರು. ಹೆಸರು ‘ಫ್ಲಾಪಿ ರೋಮ್’. ಅದರಲ್ಲಿದ್ದದ್ದು ಹಾಡಲ್ಲ, 6800 ಪ್ರೊಸೆಸರ್‌ಗೆ ಬರೆದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ. ರೆಕಾರ್ಡ್ ಪ್ಲೇಯರ್‌ನಲ್ಲಿ ಹಾಕಿ, ಬರುವ ಸದ್ದನ್ನು ಕಂಪ್ಯೂಟರಿಗೆ ಕೊಟ್ಟರೆ ಪ್ರೋಗ್ರಾಂ ಲೋಡ್ ಆಗುತ್ತಿತ್ತು! ಇಂಥದ್ದನ್ನು ಕೈಯಲ್ಲಿ ಹಿಡಿದು ನೋಡುವ ಖುಷಿಯೇ ಬೇರೆ.

ಶುರು ಮಾಡುವವರೆಲ್ಲ 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಹಿಂದೆ ಬೀಳುತ್ತಾರೆ. ಮುಖಪುಟದಲ್ಲಿ ಆಲ್ಟೇರ್ 8800 ಎಂಬ, ಮನೆಯಲ್ಲೇ ಜೋಡಿಸಿಕೊಳ್ಳುವ ಕಂಪ್ಯೂಟರ್ ಇರುವ ಸಂಚಿಕೆ ಅದು. ಪಾಲ್ ಆಲನ್ ಅದನ್ನು ಅಂಗಡಿಯಲ್ಲಿ ಕಂಡು ಬಿಲ್ ಗೇಟ್ಸ್‌ಗೆ ತೋರಿಸಿದ್ದು, ಅಲ್ಲಿಂದ ಮೈಕ್ರೋಸಾಫ್ಟ್ ಶುರುವಾಗಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಚಿತ್ರದಲ್ಲಿರುವುದು ಖಾಲಿ ಡಬ್ಬಿ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಅಸಲಿ ಮಾದರಿ ಸಾಗಣೆಯಲ್ಲಿ ಕಳೆದುಹೋಗಿ, ಬರೀ ಸ್ವಿಚ್ಚು, ದೀಪ ಕೂರಿಸಿದ ಪೆಟ್ಟಿಗೆಯ ಫೋಟೊ ತೆಗೆದಿದ್ದರು. ಈ ಸಂಚಿಕೆಗೆ ಬೇಡಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಮೊದಲ ಖರೀದಿಗೆ ಇದು ಬೇಡ ಎನ್ನುವುದೇ ನನ್ನ ಸಲಹೆ.

ಅದರ ಬದಲು ಒಂದು ಪತ್ರಿಕೆಯ ಒಂದು ವರ್ಷ ಆರಿಸಿಕೊಳ್ಳಿ. ‘ಬೈಟ್’ 1975ರ ಸೆಪ್ಟೆಂಬರ್‌ನಿಂದ 1998ರ ಜುಲೈವರೆಗೆ ಬಂತು. 1983ರ ಹೊತ್ತಿಗೆ ಅದರ ಸಂಚಿಕೆಗಳು 500 ಪುಟ ದಾಟುತ್ತಿದ್ದವು, ಅದೂ ಪುಟಪುಟಕ್ಕೂ ಜಾಹೀರಾತು. ಹನ್ನೆರಡೂ ಸಂಚಿಕೆ ಸಾಲಾಗಿ ಓದಿದರೆ ಯಾವ ಕಂಪನಿ ಮೆರೆಯಿತು, ಯಾವುದು ಸದ್ದಿಲ್ಲದೆ ಮಾಯವಾಯಿತು ಅಂತ ಜಾಹೀರಾತುಗಳೇ ಹೇಳುತ್ತವೆ. ಲೇಖನಗಳಿಗಿಂತ ನನಗೆ ಅವೇ ಇಷ್ಟ. ಆಟಗಳ ಹುಚ್ಚಿದ್ದರೆ ಬ್ರಿಟನ್ನಿನ ‘ಕ್ರ್ಯಾಶ್’, ‘ಜ್ಯಾಪ್ 64’ ನೋಡಿ.

ತಿಂಗಳನ್ನು ನಂಬಿ ಮೋಸಹೋಗಬೇಡಿ. ಮುಖಪುಟದಲ್ಲಿರುವ ತಿಂಗಳಿಗಿಂತ ಮೊದಲೇ ಪತ್ರಿಕೆ ಅಂಗಡಿಗೆ ಬರುತ್ತಿತ್ತು. ಆಲನ್ ಆ ಜನವರಿ ಸಂಚಿಕೆಯನ್ನು ನೋಡಿದ್ದು ಡಿಸೆಂಬರ್‌ನಲ್ಲಿ. ಬರವಣಿಗೆಯಂತೂ ಅದಕ್ಕೂ ಎಷ್ಟೋ ಮೊದಲೇ ಮುಗಿದಿರುತ್ತಿತ್ತು. ಐಬಿಎಂ ಪಿಸಿ ಬಿಡುಗಡೆಯಾಗಿದ್ದು 1981ರ ಆಗಸ್ಟ್ 12ಕ್ಕೆ. ಅದೇ ತಿಂಗಳ ‘ಬೈಟ್’ ತರಿಸಿದರೆ ಸಿಗುವುದು ಮುಖಪುಟದಲ್ಲಿ ರಾಬರ್ಟ್ ಟಿನ್ನಿ ಬಿಡಿಸಿದ ಬಿಸಿಗಾಳಿ ಬಲೂನು, ಒಳಗೆ ಸ್ಮಾಲ್‌ಟಾಕ್ ಪ್ರೋಗ್ರಾಮಿಂಗ್ ಭಾಷೆಯ ಲೇಖನಗಳು. ಅದೂ ಒಳ್ಳೆಯ ಸಂಚಿಕೆಯೇ ಬಿಡಿ.

ಕೊಳ್ಳುವ ಮೊದಲು ನಡುವಿನ ಹಾಳೆ ಇದೆಯಾ, ಕೂಪನ್ ಕತ್ತರಿಸಿದ್ದಾರಾ ಅಂತ ಕೇಳಿ. ಕೂಪನ್ ಹೋದರೆ ಹಿಂಬದಿಯಲ್ಲಿ ಓದುಗರು ಟೈಪ್ ಮಾಡಿಕೊಳ್ಳಲೆಂದು ಅಚ್ಚು ಹಾಕಿದ ಪ್ರೋಗ್ರಾಂನ ಸಾಲುಗಳೂ ಹೋದಂತೆ. ಆದರೆ ಪ್ರೋಗ್ರಾಂ ಪಕ್ಕ ಪೆನ್ಸಿಲ್ ಗುರುತು ಇದ್ದರೆ ಬೇಸರ ಬೇಡ, ಅಳಿಸಲೂಬೇಡಿ. ಯಾರೋ ಕೂತು ಸಾಲುಸಾಲಾಗಿ ಟೈಪ್ ಮಾಡಿ, ಅಚ್ಚಿನ ತಪ್ಪು ಹಿಡಿದಿದ್ದಾರೆ. ತಿದ್ದುಪಡಿ ಎಷ್ಟೋ ಸಲ ಮುಂದಿನ ಸಂಚಿಕೆಗಳಲ್ಲಿ ಬರುತ್ತಿತ್ತು. ಬಿಡಿ ಸಂಚಿಕೆ ಬೇಡ ಎನ್ನಲು ಇದೂ ಒಂದು ಕಾರಣ.

ಪ್ರಶ್ನೆ: ಒಂದು ಪೆಟ್ಟಿಗೆ ಪತ್ರಿಕೆ ಸಿಕ್ಕಿದೆ. ಹಾಳೆ ಹಳದಿಯಾಗಿದೆ, ಪಿನ್ನು ತುಕ್ಕು ಹಿಡಿದಿದೆ, ಕೆಲವು ಪುಟ ಅಂಟಿಕೊಂಡಿವೆ. ಏನು ಮಾಡಲಿ?

ಉತ್ತರ: ಮೊದಲು ಪೆಟ್ಟಿಗೆಯನ್ನು ನಿಮ್ಮ ಬೇರೆ ಪುಸ್ತಕಗಳಿಂದ ದೂರ ಇಡಿ. ಬೂಷ್ಟು, ಹುಳು ಎರಡೂ ಹರಡುತ್ತವೆ.

ಹಳದಿ ಬಣ್ಣ ಹೋಗುವುದಿಲ್ಲ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಬಣ್ಣ ಬದಲಿಸುತ್ತದೆ. ಬಿಸಿಲು ಬೀಳದ ಕಡೆ ಇಟ್ಟರೆ ನಿಧಾನವಾಗುತ್ತದೆ, ಅಷ್ಟೇ. ಬ್ಲೀಚ್ ಗೀಚ್ ಹಾಕಲು ಹೋಗಬೇಡಿ.

ಅಂಟಿದ ಪುಟ ಕಷ್ಟದ ಕೇಸು. ನುಣುಪು ಕಾಗದದ ಮೇಲೆ ಜೇಡಿಯ ಲೇಪ ಇರುತ್ತದೆ. ಅದು ನೆಂದು ಒಣಗಿದರೆ ಗೋಂದಿನ ಹಾಗೆ ಹಿಡಿದುಬಿಡುತ್ತದೆ. ಎಳೆದರೆ ಅಚ್ಚೇ ಕಿತ್ತು ಬರುತ್ತದೆ, ಆದ್ದರಿಂದ ಹಾಗೇ ಬಿಡಿ. ಮುಂದೆ ಯಾವಾಗಲಾದರೂ ಪತ್ರಿಕೆ ನೆಂದರೆ ಒಣಗಲು ಬಿಡದೆ ಆಗಲೇ ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು ಬಿಡಿಸಿ.

ತುಕ್ಕು ಹಿಡಿದ ಪಿನ್ನಿನ ಕಾಲುಗಳನ್ನು ಒಳಗಿನಿಂದ ಮೊಂಡು ಚಾಕುವಿನಲ್ಲಿ ನಿಧಾನ ಎತ್ತಿ, ನೇರ ಮಾಡಿ, ಹೊರಗಿನಿಂದ ತೆಗೆಯಿರಿ. ಅದೇ ತೂತಿಗೆ ಸ್ಟೇನ್‌ಲೆಸ್ ಸ್ಟೀಲ್ ಪಿನ್ ಹಾಕಬಹುದು. ಹರಿದ ಕಡೆ ಸೆಲೊಟೇಪ್ ಮಾತ್ರ ಬೇಡವೇ ಬೇಡ. ಕವರ್ ಹಾಕುವುದಾದರೆ ಪಾಲಿಯೆಸ್ಟರ್ ಇಲ್ಲವೇ ಪಾಲಿಪ್ರೊಪಿಲೀನ್ ಇರಲಿ. ಪಿವಿಸಿ ಕವರ್ ಕಾಲಕ್ರಮೇಣ ಕಾಗದವನ್ನೇ ಹಾಳುಮಾಡುತ್ತದೆ.

ಪ್ರಶ್ನೆ: ಪತ್ರಿಕೆಯ ಜೊತೆ ಬಂದ ಕ್ಯಾಸೆಟ್, ಫ್ಲಾಪಿ ಈಗ ಓಡಿಸಬಹುದಾ?

ಉತ್ತರ: ಕ್ಯಾಸೆಟ್ ಆದರೆ ಮೊದಲ ಸಲ ಹಾಕಿದಾಗಲೇ ಆಡಿಯೊ ಫೈಲ್ ಆಗಿ ರೆಕಾರ್ಡ್ ಮಾಡಿಕೊಳ್ಳಿ. ಫ್ಲಾಪಿಯ ಮೇಲೆ ಬೂಷ್ಟಿನ ಚುಕ್ಕೆ ಕಂಡರೆ ಡ್ರೈವ್‌ಗೆ ಹಾಕಬೇಡಿ, ಡ್ರೈವ್‌ನ ಹೆಡ್ ಕೊಳೆಯಾಗಿ ಮುಂದಿನ ಫ್ಲಾಪಿಗಳೂ ಕೆಡುತ್ತವೆ. ಚೊಕ್ಕವಾಗಿದ್ದರೆ ಬರೆಯದಂತೆ ತಡೆಯುವ ವ್ಯವಸ್ಥೆ ಮಾಡಿ, ಪೂರ್ತಿ ಡಿಸ್ಕ್‌ನ ಪ್ರತಿ ತೆಗೆದು, ಪ್ರತಿಯನ್ನೇ ಹಳೇ ಕಂಪ್ಯೂಟರನ್ನು ಅನುಕರಿಸುವ ಸಾಫ್ಟ್‌ವೇರಾದ ಎಮ್ಯುಲೇಟರ್‌ನಲ್ಲಿ ಓಡಿಸಿ.