ಕಾಡು ಎಲ್ಲರದು, ತೀರ್ಮಾನ ಯಾರದು?

ನ್ಯೂಜಿಲೆಂಡಿನ ಗ್ರೀನ್ ಪಕ್ಷದ ಕುರಿತ ನಮ್ಮ ಲೇಖನವನ್ನು ಓದಿದ ಓದುಗರೊಬ್ಬರು ಹೀಗೆ ಕೇಳಿದ್ದಾರೆ: "ಪರಿಸರ ಎಲ್ಲರಿಗೂ ಸೇರಿದ್ದು. ಹೀಗಿರುವಾಗ ಪರಿಸರವಾದಿ ಪಕ್ಷವೊಂದು ತನ್ನ ಇಬ್ಬರು ಸಹನಾಯಕರಲ್ಲಿ ಒಬ್ಬರು ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳೇ ಆಗಿರಬೇಕೆಂದು ನಿಯಮ ಮಾಡುವುದು ಎಷ್ಟು ಸರಿ?"

ಮಾನ್ಯರೇ,

ನಿಮ್ಮ ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಪರಿಸರ ಎಲ್ಲರದೆಂಬ ಮಾತು ಅದರ ಬಗ್ಗೆ ತೀರ್ಮಾನಿಸುವವರು ಯಾರೆಂಬುದನ್ನು ಹೇಳುವುದಿಲ್ಲ. ಆಕ್ಲೆಂಡಿನ ಪಶ್ಚಿಮಕ್ಕಿರುವ ವೈತಾಕೆರೆ ಬೆಟ್ಟಗಳಲ್ಲಿ ಕೌರಿ ಎಂಬ ಮಹಾವೃಕ್ಷಗಳು ಬೇರುಕೊಳೆಯುವ ರೋಗದಿಂದ ಸಾಯುತ್ತಿದ್ದವು. ನಡೆದಾಡುವವರ ಬೂಟಿಗೆ ಮೆತ್ತಿಕೊಂಡ ಚಿಟಿಕೆ ಮಣ್ಣು ಸಾಕು, ರೋಗ ಮತ್ತೊಂದು ಮರದ ಬುಡಕ್ಕೆ ತಲುಪುತ್ತದೆ. ಅಲ್ಲಿನ ಮಾವೋರಿ ಬುಡಕಟ್ಟಾದ ತೆ ಕವೆರಾವು ಅ ಮಾಕಿಯವರು 2017ರ ಡಿಸೆಂಬರಿನಲ್ಲಿ ಇಡೀ ಕಾಡಿಗೆ 'ರಾಹುಯಿ', ಅಂದರೆ ಸಂಪ್ರದಾಯದ ಪ್ರವೇಶನಿಷೇಧವನ್ನು ಘೋಷಿಸಿದರು. ಅದಕ್ಕೆ ಕಾನೂನಿನ ಬಲವಿರಲಿಲ್ಲ. ನಗರಾಡಳಿತವು ಕಾಡಿನ ಬಹುಭಾಗವನ್ನು ಮುಚ್ಚಿದ್ದು ಅದರ ಮರುವರ್ಷ.

ಇದಕ್ಕೆ ವ್ಯತಿರಿಕ್ತವಾದ ಪ್ರಸಂಗವೂ ಇದೆ. 2015ರಲ್ಲಿ ಅಂದಿನ ಪ್ರಧಾನಿ ಜಾನ್ ಕೀ ಅವರು ದೇಶದ ಈಶಾನ್ಯಕ್ಕಿರುವ ಕೆರ್ಮಡೆಕ್ ದ್ವೀಪಗಳ ಸುತ್ತಲಿನ ಸುಮಾರು 6,20,000 ಚದರ ಕಿಲೋಮೀಟರ್ ಸಾಗರವನ್ನು ಅಭಯಧಾಮವಾಗಿಸುವುದಾಗಿ ಪ್ರಕಟಿಸಿದಾಗ ಪರಿಸರವಾದಿಗಳು ಹರ್ಷಿಸಿದರು. ತಮ್ಮೊಡನೆ ಸಮಾಲೋಚಿಸದೆ, ಸರ್ಕಾರದೊಡನೆ ಆದ 1992ರ ಇತ್ಯರ್ಥದಲ್ಲಿ ದೊರೆತ ಮೀನುಗಾರಿಕೆಯ ಹಕ್ಕನ್ನು ಹೀಗೆ ಕಿತ್ತುಕೊಳ್ಳುವುದು ಸಲ್ಲದೆಂದು ಮಾವೋರಿಗಳ ಮೀನುಗಾರಿಕಾ ಟ್ರಸ್ಟ್ ಪ್ರತಿಭಟಿಸಿತು. ಅಭಯಧಾಮದ ಪರವಾಗಿದ್ದ ಗ್ರೀನ್ ಪಕ್ಷವು 2017ರಲ್ಲಿ ಲೇಬರ್ ಪಕ್ಷದೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಅದನ್ನು ಮಾವೋರಿಗಳ ಜೊತೆಗೂಡಿಯೇ ಸ್ಥಾಪಿಸಲು ಯತ್ನಿಸಬೇಕೆಂಬ ಮಾತು ಸೇರಿತು. ಒಳ್ಳೆಯ ಉದ್ದೇಶವೂ ಕೇಳದೆ ಹೇರಿದಾಗ ಕಬಳಿಕೆಯಂತೆಯೇ ಕಾಣುತ್ತದೆ ಎಂಬುದನ್ನು, ತಲೆಮಾರುಗಳಿಂದ ನೆಲ ಕಳೆದುಕೊಂಡವರು ನಮಗಿಂತ ಬೇಗ ಗುರುತಿಸುತ್ತಾರೆ. ಅಂಥವರು ಪಕ್ಷದೊಳಗೆ, ಅದೂ ನಿರ್ಧಾರದ ಮೇಜಿನಲ್ಲಿ ಇರಬೇಕೆನ್ನುವುದನ್ನು ನಾನು ಔದಾರ್ಯವೆಂದು ಕರೆಯಲಾರೆ. ಬ್ರಿಟಿಷ್ ರಾಜಸತ್ತೆಗೂ ಮಾವೋರಿ ಮುಖಂಡರಿಗೂ ನಡುವೆ ಆದ 1840ರ ವೈತಾಂಗಿ ಒಪ್ಪಂದವೇ ದೇಶದ ಅಡಿಪಾಯವೆಂದು ಆ ಪಕ್ಷದ ಸನ್ನದು ಒಪ್ಪಿಕೊಂಡಿದೆ. ನಾಯಕತ್ವದ ನಿಯಮ ಅದರಿಂದಲೇ ಹುಟ್ಟಿದ್ದು.

ಆ ನಿಯಮ ಬಂದದ್ದು 2022ರಲ್ಲಿ. ಅಲ್ಲಿಯವರೆಗೆ ಒಬ್ಬ ಪುರುಷ, ಒಬ್ಬ ಮಹಿಳೆ ಎಂದಿದ್ದದ್ದು, ಒಬ್ಬರಾದರೂ ಮಹಿಳೆ, ಒಬ್ಬರಾದರೂ ಮಾವೋರಿ ಎಂದಾಯಿತು. 2018ರಿಂದ ಸಹನಾಯಕಿಯಾಗಿರುವ ಮರಾಮ ಡೇವಿಡ್‌ಸನ್ ಎರಡನ್ನೂ ಪೂರೈಸುತ್ತಿದ್ದುದರಿಂದಲೇ 2024ರಲ್ಲಿ ಕ್ಲೋಯಿ ಸ್ವಾರ್‌ಬ್ರಿಕ್ ಅವರ ಜೊತೆಗೆ ಇಬ್ಬರೂ ಮಹಿಳೆಯರೇ ಆಗಲು ಸಾಧ್ಯವಾಯಿತು. ನಿಯಮಕ್ಕೂ ಮೊದಲೇ ಮೆತಿರಿಯ ತುರೇ ಎಂಬ ಮಾವೋರಿ ನಾಯಕಿ 2009ರಿಂದ 2017ರವರೆಗೆ ಆ ಸ್ಥಾನದಲ್ಲಿದ್ದರು. ಹಾಗಾದರೆ ನಿಯಮವೇಕೆಂದು ಕೇಳಬಹುದು. ವ್ಯಕ್ತಿಯ ವರ್ಚಸ್ಸಿನಿಂದ ಸಿಕ್ಕಿದ ಸ್ಥಾನ ಆ ವ್ಯಕ್ತಿಯೊಡನೆ ಹೊರಟುಹೋಗಬಹುದು ಎಂಬುದೇ ನನ್ನ ಉತ್ತರ.

ಆದರೂ ನಿಮ್ಮ ಸಂದೇಹವನ್ನು ನಾನು ಬೇರೊಂದು ಕಡೆ ಇಡಬಯಸುತ್ತೇನೆ. ಮಾವೋರಿಗಳಿಗೆಂದು 1867ರಿಂದ ಪ್ರತ್ಯೇಕ ಕ್ಷೇತ್ರಗಳಿವೆ; ಈಗ ಅವು 7. 2023ರಲ್ಲಿ 6 ಕ್ಷೇತ್ರಗಳನ್ನು ತೆ ಪಾತಿ ಮಾವೋರಿ ಪಕ್ಷ ಗೆದ್ದಿತು. ಗ್ರೀನ್ ಪಕ್ಷ ಇಂಥ ಒಂದನ್ನೂ ಎಂದೂ ಗೆದ್ದಿಲ್ಲ. ಅದರ ಮಾವೋರಿ ಸಂಸದರಲ್ಲಿ ಹೆಚ್ಚಿನವರು ಬಂದದ್ದು ಕ್ಷೇತ್ರ ಗೆದ್ದಲ್ಲ, ಪಕ್ಷಕ್ಕೆ ಬಿದ್ದ ಮತಗಳ ಪಾಲಿಗೆ ತಕ್ಕಂತೆ ಸ್ಥಾನ ಪಡೆಯುವ ಪಕ್ಷದ ಪಟ್ಟಿಯಿಂದ, ಆ ಪಟ್ಟಿಯ ಕ್ರಮವನ್ನು ನಿರ್ಧರಿಸುವುದು ಪಕ್ಷದ ಸದಸ್ಯರ ಮತ. ಅವರು ಯಾರಿಗೆ ಉತ್ತರದಾಯಿಗಳು ಎಂಬ ಪ್ರಶ್ನೆ ನಾಯಕತ್ವದ ನಿಯಮದಿಂದ ಬಗೆಹರಿಯುವಂಥದ್ದಲ್ಲ, ಅದನ್ನು ಆ ಪಕ್ಷ ಮಾವೋರಿ ಮತದಾರರ ಮುಂದೆಯೇ ಎದುರಿಸಬೇಕು.

— ಸಂಪಾದಕ