ಉಳಿದವರ ಸರದಿ ನುಂಗುವ ನಿಂಜಾ

ಮಂಡ್ಯದಿಂದ ‘ನಿಂಜಾಗೆ ನ್ಯಾಯ’ ಎಂಬ ಲೇಖನ ಕಳಿಸಿದವರಿಗೆ,

ನಮಸ್ಕಾರ. ನಿಮ್ಮ ಹನ್ನೆರಡು ಪುಟವನ್ನೂ ಎರಡು ಸಲ ಓದಿದೆ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು, ಪಕ್ಕದಲ್ಲಿ ದಾಳ ಇತ್ತು. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ, ಮೊದಲೇ ಹೇಳಿಬಿಡುವುದು ವಾಸಿ. ಆದರೆ ಮತ್ತೆ ಬರೆದು ಕಳಿಸಿ ಎಂದು ಕೇಳುತ್ತಿದ್ದೇನೆ. ಇದು ಉಪಚಾರದ ಮಾತಲ್ಲ. ಒಂಬತ್ತನೇ ಪುಟದಲ್ಲಿ ನೀವು ಎರಡೇ ಸಾಲು ಹೇಳಿ ದಾಟಿಹೋದ ಒಂದು ಸಂಗತಿ ಇದೆ. ನಿಮ್ಮ ಲೇಖನ ಇರುವುದು ಅಲ್ಲಿ.

ನಿಮ್ಮ ಬರಹ ನೋಡದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ತಲೆಗೊಂದು ಪಾತ್ರ ಹಿಡಿದು, ದಾಳ ಉರುಳಿಸುತ್ತ ಕಥೆ ನಡೆಸುವ ಆಟ ಇದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಈ ಬಗೆಯ ಆಟಗಳು ಹಬ್ಬಿದವು. ಪ್ರತಿ ಪಾತ್ರಕ್ಕೂ ‘ಕ್ಲಾಸ್’ ಎಂಬ ಒಂದು ಕಸುಬು ಇರುತ್ತದೆ: ಯೋಧ, ಕಳ್ಳ, ಮಂತ್ರವಾದಿ, ಹೀಗೆ. ಆ ಸಾಲಿಗೆ ನೀವು ಸ್ವಂತವಾಗಿ ಒಂದು ನಿಂಜಾ ಕ್ಲಾಸ್ ಬರೆದಿದ್ದೀರಿ; ನಿಂಜಾ ಎಂದರೆ ಹಳೆಯ ಜಪಾನಿನ ಗೂಢಚಾರ. ಪಾತ್ರ ಪಳಗಿದಂತೆ ಏರುವ ಮೆಟ್ಟಿಲಿಗೆ ಲೆವೆಲ್ ಎನ್ನುತ್ತಾರೆ, ಎಲ್ಲರಿಗೂ ಒಂದೊಂದು ಸರದಿ ಬಂದರೆ ಒಂದು ರೌಂಡ್. ಎರಡನೇ ಲೆವೆಲ್‌ನಿಂದಲೇ ನಿಂಜಾ ‘ಕಿ’ ಎಂಬ ಒಳಶಕ್ತಿಯ ಒಂದು ಪಾಯಿಂಟ್ ಖರ್ಚು ಮಾಡಿ, ತನ್ನ ಲೆವೆಲ್ ಎಷ್ಟೋ ಅಷ್ಟು ರೌಂಡ್ ಮಾಯವಾಗಬಹುದು. ಏಟು ಕೊಟ್ಟರೂ ಮಾಯ ಬಿಡುವುದಿಲ್ಲ. ಕಾಣದೆ ಹೊಡೆದ ಏಟಿಗೆ ಹೆಚ್ಚಿನ ದಾಳ. ಇಷ್ಟಾದರೂ ಅದು ಯೋಧನಿಗೆ ಸರಿಸಮ, ಯಾರಿಗೂ ಅನ್ಯಾಯವಿಲ್ಲ ಎಂಬುದು ನಿಮ್ಮ ವಾದ.

ಮೊದಲು ನಿಮ್ಮ ಲೆಕ್ಕ ನೋಡೋಣ, ಏಕೆಂದರೆ ನೀವು ಹೆಚ್ಚು ನಂಬಿರುವುದು ಅದನ್ನೇ. ಐದನೇ ಲೆವೆಲ್‌ನ ಯೋಧ ಒಂದು ಸರದಿಗೆ ಎರಡು ಏಟು ಹೊಡೆಯುತ್ತಾನೆ. ಒಂದೊಂದರ ಪೆಟ್ಟಿಗೂ ಎಂಟು ಮುಖದ ದಾಳ, ಬಿದ್ದ ಸಂಖ್ಯೆಯ ಮೇಲೆ 4. ಸರಾಸರಿ ಎಂಟೂವರೆ, ಎರಡೂ ಸೇರಿ 17. ನಿಂಜಾಗೆ ಒಂದೇ ಏಟು: ಆರು ಮುಖದ ದಾಳ, ಮೇಲೆ 4, ಮರೆಯಿಂದ ಹೊಡೆದದ್ದಕ್ಕೆ ಇನ್ನೂ ಮೂರು ಆರು ಮುಖದ ದಾಳ. ಸರಾಸರಿ 18. ‘17ಕ್ಕೆ 18, ಹೆಚ್ಚೂಕಡಿಮೆ ಒಂದೇ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೀರಿ. ಆದರೆ ಇದು ಏಟು ತಾಗಿದರೆ ಬರುವ ಲೆಕ್ಕ. ತಾಗಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ 11 ಅಥವಾ ಅದಕ್ಕೂ ಮೇಲೆ ಬೀಳಬೇಕು ಅಂತಿಟ್ಟುಕೊಳ್ಳಿ. ಯೋಧನಿಗೆ ಅರ್ಧಕ್ಕರ್ಧ ಅವಕಾಶ, ಅವನ 17 ಎಂಟೂವರೆಗೆ ಇಳಿಯಿತು. ಕಾಣದ ನಿಂಜಾ ನಿಮ್ಮದೇ ನಿಯಮದಂತೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುತ್ತಾನೆ. ಎರಡೂ ಕೈಕೊಡುವುದು ನಾಲ್ಕರಲ್ಲಿ ಒಂದು ಸಲ ಮಾತ್ರ. ಅವನ 18 ಹದಿಮೂರೂವರೆಯಲ್ಲಿ ನಿಂತಿತು. ನಾಲ್ಕು ರೌಂಡಿನ ಕಾಳಗದಲ್ಲಿ ಯೋಧನದು 34, ನಿಂಜಾದು 54. ಇನ್ನು ನಿಂಜಾ ಮೇಲೆ ಕೈ ಎತ್ತುವವರು ಎರಡು ದಾಳದಲ್ಲಿ ಚಿಕ್ಕದನ್ನೇ ತೆಗೆದುಕೊಳ್ಳಬೇಕು. ಅರ್ಧದಷ್ಟು ತಾಗಬೇಕಿದ್ದ ಏಟು ಕಾಲುಭಾಗಕ್ಕೆ ಇಳಿಯುತ್ತದೆ. ಕವಚ ಹೊತ್ತು ಮುಂದೆ ನಿಂತು ಪೆಟ್ಟು ತಿನ್ನುವ ಯೋಧನಿಗಿಂತ, ತೆಳ್ಳನೆ ಬಟ್ಟೆಯ ನಿಂಜಾ ಗಟ್ಟಿ ಆಳಾಗಿಬಿಟ್ಟ.

‘ಕಿ ಪಾಯಿಂಟ್ ದಿನಕ್ಕೆ ಐದೇ, ಅದೇ ಕಡಿವಾಣ’ ಎಂದಿದ್ದೀರಿ. ನಾಲ್ಕನೇ ಪುಟದಲ್ಲಿ ನೀವೇ ಬರೆದಿದ್ದೀರಲ್ಲ, ನಿಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಆಟ, ವಾರಕ್ಕೆ ಒಂದು ಕಾಳಗ ಆದರೆ ಹೆಚ್ಚು ಎಂದು. ಒಂದು ಪಾಯಿಂಟಿಗೆ ಐದು ರೌಂಡ್ ಮಾಯ. ಕಾಳಗ ನಾಲ್ಕು ರೌಂಡಿಗೆ ಮುಗಿಯುತ್ತದೆ. ಉಳಿದ ನಾಲ್ಕು ಪಾಯಿಂಟ್ ಯಾವ ಕಡಿವಾಣ? ದಿನದ ಲೆಕ್ಕದಲ್ಲಿ ಕೊಟ್ಟ ಶಕ್ತಿಗೆ, ದಿನಕ್ಕೆ ಮೂರು ನಾಲ್ಕು ಸಲ ಕಷ್ಟ ಬಂದರೆ ಮಾತ್ರ ಬೆಲೆ. ಈ ಮಾತನ್ನು ಕ್ಲಾಸ್ ಬರೆಯುವ ಎಲ್ಲರಿಗೂ ಹೇಳುತ್ತೇನೆ: ನಿಯಮವನ್ನು ಪುಸ್ತಕದ ದಿನಕ್ಕೆ ಬರೆಯಬೇಡಿ, ನಿಮ್ಮ ಭಾನುವಾರಕ್ಕೆ ಬರೆಯಿರಿ.

ಕಳೆದ ಶನಿವಾರ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಮೂವರನ್ನು ಕೂರಿಸಿ ನಿಮ್ಮ ನಿಯಮದಲ್ಲೇ ಆಡಿಸಿದೆ. ಮಂತ್ರವಾದಿ ಆಡುತ್ತಿದ್ದ ಹುಡುಗ ಮೂರನೇ ರೌಂಡಿಗೆ ತನ್ನ ಹಾಳೆಯನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚುತ್ತಿದ್ದ. ಕಾಳಗ ಗೆದ್ದಿದ್ದೆವು. ಗೆದ್ದ ಖುಷಿ ಒಬ್ಬನ ಮುಖದಲ್ಲಿ ಮಾತ್ರ ಇತ್ತು.

ಇತಿಹಾಸಕ್ಕೆ ನೀವು ನಾಲ್ಕು ಪುಟ ಕೊಟ್ಟಿದ್ದೀರಿ. ಮೂರೂವರೆ ತೆಗೆಯಿರಿ. ಎರಡು ತಪ್ಪು ಸರಿಪಡಿಸಿ. ‘ಈ ಆಟಕ್ಕೆ ನಿಂಜಾ ಬಂದದ್ದೇ ಇತ್ತೀಚೆಗೆ’ ಎಂಬುದು ಸರಿಯಲ್ಲ. 1985ರ ನಿಯಮಪುಸ್ತಕ ಓರಿಯಂಟಲ್ ಅಡ್ವೆಂಚರ್ಸ್‌ನಲ್ಲೇ ನಿಂಜಾ ಇದ್ದಾನೆ. ಅಲ್ಲಿನ ಉಪಾಯ ನಿಮಗೆ ಬೇಕಾದದ್ದು: ಬರೀ ನಿಂಜಾ ಆಗಿರಲು ಆಗದು, ಜೊತೆಗೆ ಇನ್ನೊಂದು ಕ್ಲಾಸ್ ಇರಲೇಬೇಕು. ಲೋಕಕ್ಕೆ ತೋರಿಸುವ ಮುಖ ಒಂದು, ಒಳಗಿನ ಕಸುಬು ಇನ್ನೊಂದು. ಎರಡನೆಯದು, ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ. ಜಪಾನಿನ ಇಗಾ, ಕೋಗಾ ಸೀಮೆಗಳ ಆಳುಗಳು ಕೆಲಸಕ್ಕೆ ಹೊರಟಾಗ ರೈತನ, ಸನ್ಯಾಸಿಯ, ವ್ಯಾಪಾರಿಯ ವೇಷ ಹಾಕುತ್ತಿದ್ದರು. 1676ರಲ್ಲಿ ಸಂಕಲನವಾದ ಬನ್ಸೆನ್‌ಶೂಕೈ ಎಂಬ ಗ್ರಂಥ ಈ ವಿದ್ಯೆಯನ್ನೇ ಎರಡಾಗಿ ವಿಂಗಡಿಸುತ್ತದೆ: ವೇಷ ಮರೆಸಿಕೊಂಡು ಎಲ್ಲರ ಕಣ್ಣೆದುರೇ ಒಳಹೊಗುವುದು, ಮೈ ಮರೆಸಿಕೊಂಡು ಕತ್ತಲಲ್ಲಿ ಒಳಹೊಗುವುದು. ನೀವು ಎರಡನೆಯದನ್ನು ಮಾತ್ರ ಹಿಡಿದಿದ್ದೀರಿ. ಮೊದಲನೆಯದರಲ್ಲಿ ಮಾತಿದೆ, ನಟನೆಯಿದೆ, ಜೊತೆಗಾರರಿಗೂ ಪಾಲಿದೆ. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದ ಗೂಢಪುರುಷರನ್ನು ನೋಡಿ, ತಾಪಸ, ಗೃಹಸ್ಥ, ವ್ಯಾಪಾರಿ, ಭಿಕ್ಷುಕಿ, ಅವರೂ ವೇಷದವರೇ.

ನಿಮಗಿಂತ ಮುಂಚೆ ಈ ಕ್ಲಾಸ್ ಬರೆದವರು ಎಡವಿದ ಜಾಗ ಎರಡು. ಅವು ನಿಮ್ಮ ಲೇಖನದಲ್ಲಿ ಇರಲೇಬೇಕು. 2005ರಲ್ಲಿ ಬಂದ, ಅದೇ ಆಟದ ಇನ್ನೊಂದು ನಿಯಮಪುಸ್ತಕ ಕಂಪ್ಲೀಟ್ ಅಡ್ವೆಂಚರರ್‌ನಲ್ಲಿ ನಿಂಜಾಗೆ ‘ಸಡನ್ ಸ್ಟ್ರೈಕ್’ ಕೊಟ್ಟರು. ಕಳ್ಳ ಕ್ಲಾಸಿನ ಮರೆಯ ಏಟಿನಂತೆಯೇ ಅದು, ಆದರೆ ಶತ್ರುವನ್ನು ಇಬ್ಬರು ಎರಡು ಕಡೆಯಿಂದ ಅಮರಿಕೊಂಡಾಗ ಕೆಲಸ ಮಾಡುವುದಿಲ್ಲ. ಕಳ್ಳನಿಗೆ ಗೆಳೆಯನೊಬ್ಬ ಆಚೆ ಬದಿಗೆ ಬಂದು ನಿಂತರೆ ಸಾಕು. ನಿಂಜಾಗೆ ಗೆಳೆಯ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೊದಲ ಏಟು ಮುಗಿದು ‘ಕಿ’ ಖಾಲಿಯಾದ ಮೇಲೆ ಅವನು ಬಡಕಲು. 2011ರಲ್ಲಿ ಪಾತ್‌ಫೈಂಡರ್ ಎಂಬ ಇದೇ ಬಗೆಯ ಇನ್ನೊಂದು ಆಟದವರು ತಕ್ಕಡಿಯನ್ನು ಆಚೆಗೆ ವಾಲಿಸಿದರು. ಅವರ ನಿಂಜಾ ಕಳ್ಳನ ಬದಲಿ ರೂಪ; ಕಳ್ಳನ ಮರೆಯ ಏಟೂ ಉಂಟು, ಮೇಲೆ ಮಾಯವಾಗುವ ವಿದ್ಯೆ. ಹೀಗಾದ ಮೇಲೆ ಕಳ್ಳನನ್ನು ಯಾರು ಆಡುತ್ತಾರೆ ಎಂಬ ಪ್ರಶ್ನೆ ಮೇಜುಗಳಲ್ಲಿ ಎದ್ದಿತು. ಅಷ್ಟು ಉದಾರಿಗಳಾದ ಅವರೂ ಹೊಡೆದರೂ ಹೋಗದ ಮಾಯವನ್ನು ಹತ್ತನೇ ಲೆವೆಲ್‌ನವರೆಗೆ ಬಚ್ಚಿಟ್ಟಿದ್ದರು. ನೀವು ಎರಡನೇ ಲೆವೆಲ್‌ಗೇ ಕೈಗೆ ಕೊಟ್ಟಿದ್ದೀರಿ.

ಈಗ ಒಂಬತ್ತನೇ ಪುಟ. ನಿಮ್ಮ ಗೆಳೆಯನ ನಿಂಜಾ ಒಬ್ಬನೇ ಕೋಟೆಯೊಳಗೆ ನುಗ್ಗಿ ನಲವತ್ತು ನಿಮಿಷ ಸುತ್ತಾಡಿದ. ಅಷ್ಟು ಹೊತ್ತೂ ಯೋಧ ಆಡುತ್ತಿದ್ದ ನಿಮ್ಮ ಚಿಕ್ಕಪ್ಪನ ಮಗಳು ದಾಳಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಕೊನೆಗೂ ಅವಳ ಸರದಿ ಬರುವ ಹೊತ್ತಿಗೆ ಕೋಟೆಯ ದಳವಾಯಿ ಸತ್ತಿದ್ದ. ಅವಳು ಕೇಳಿದಳು, ‘ಅಣ್ಣ, ನಾನೇನ್ ಮಾಡ್ಲಿ ಈಗ?’ ಇದನ್ನು ಬರೆದು, ಮುಂದಿನ ಸಾಲಿನಲ್ಲೇ ‘ಇನ್ನು ವಿಷದ ಬಾಣಗಳ ಬಗ್ಗೆ ನೋಡೋಣ’ ಎಂದು ಹೊರಟುಬಿಟ್ಟಿರಿ.

ನಿಲ್ಲಿ. ಲೆಕ್ಕದ ಮೂರು ಟೇಬಲ್ ಹಾಕಿ ನೀವು ಹುಡುಕುತ್ತಿದ್ದ ಅಸಮತೋಲ ಇದೇ. 54ನ್ನು 34ಕ್ಕೆ ಇಳಿಸುವುದು ಅರ್ಧ ಗಂಟೆಯ ಕೆಲಸ. ಮಾಯವಾಗುವುದಕ್ಕೇ ಒಂದು ಸರದಿ ಹೋಗಲಿ, ಹೊಡೆದೊಡನೆ ಮಾಯ ಬಿಡಲಿ ಎಂದರೆ ನಾಲ್ಕು ರೌಂಡಿನಲ್ಲಿ ಎರಡೇ ಏಟು, 27. ಯೋಧನಿಗಿಂತ ಕೊಂಚ ಕಡಿಮೆ, ಬದಲಿಗೆ ತಿನ್ನುವ ಪೆಟ್ಟೂ ಕಡಿಮೆ. ನ್ಯಾಯವಾದ ವ್ಯಾಪಾರ. ಆದರೆ ಅಷ್ಟು ತಿದ್ದಿದ ಮೇಲೂ ಆ ಹುಡುಗಿ ನಲವತ್ತು ನಿಮಿಷ ದಾಳ ಪೇರಿಸುತ್ತಲೇ ಇರುತ್ತಾಳೆ. ನಿಂಜಾ ಕದಿಯುವುದು ಶತ್ರುವಿನ ಪ್ರಾಣಕ್ಕಿಂತ ಹೆಚ್ಚಾಗಿ ಜೊತೆಗಾರರ ಹೊತ್ತನ್ನು. ಅಡಗುವುದು ಎಂದರೇ ಒಬ್ಬನೇ ಹೋಗುವುದು. ಒಬ್ಬನೇ ಹೋದಾಗ ಆಟ ನಡೆಸುವವರ ಕಣ್ಣೂ ಕಿವಿಯೂ ಅವನ ಹಿಂದೆಯೇ ಹೋಗುತ್ತವೆ.

ಹುಲಿ ಕುರಿ ಆಟ ನಿಮಗೆ ಗೊತ್ತೇ ಇರಬೇಕು. ದೇವಸ್ಥಾನದ ಹಾಸುಗಲ್ಲಿನ ಮೇಲೆ ಮನೆ ಕೊರೆದಿರುತ್ತಾರಲ್ಲ, ಅದು. ನಾವು ಹುಣಸೆ ಬೀಜ, ಬೆಣಚುಕಲ್ಲು ಇಟ್ಟು ಆಡುತ್ತಿದ್ದೆವು. ಹುಲಿ ಮೂರು, ಕುರಿ ಹದಿನೈದು. ಹುಲಿ ಹಾರಿ ಕುರಿ ತಿನ್ನುತ್ತದೆ, ಕುರಿ ಏನನ್ನೂ ತಿನ್ನುವುದಿಲ್ಲ. ಬಲದ ಲೆಕ್ಕದಲ್ಲಿ ಇಷ್ಟು ಅನ್ಯಾಯದ ಆಟ ಇನ್ನೊಂದಿಲ್ಲ. ಆದರೂ ಕುರಿ ಹಿಡಿದವನು ‘ನಾನೇನ್ ಮಾಡ್ಲಿ’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಹುಲಿ ಒಂದು ನಡೆದರೆ ಕುರಿ ಒಂದು ನಡೆಯಬೇಕು. ಅವನ ಒಂದೊಂದು ಕಲ್ಲೂ ಹುಲಿಯ ದಾರಿಗೆ ಅಡ್ಡ ಬೀಳುತ್ತದೆ, ಕೊನೆಗೆ ಹುಲಿ ಮಿಸುಕಾಡದಂತೆ ಕಟ್ಟಿಹಾಕುವವನೂ ಅವನೇ. ಬಲ ಬೇರೆ ಬೇರೆ, ಸರದಿ ಸಮ. ಈ ಒಂದು ಮಾತನ್ನು ನಿಮ್ಮ ಕ್ಲಾಸಿಗೆ ತಂದುಕೊಳ್ಳಿ ಎಂಬುದೇ ನನ್ನ ಬೇಡಿಕೆ.

ಹೇಗೆ ಎಂದರೆ, ನಿಂಜಾ ಒಳಗೆ ಒಂದು ಹೆಜ್ಜೆ ಇಟ್ಟರೆ ಹೊರಗಿನವರಿಗೂ ಒಂದು ಕೆಲಸ ಬರಲಿ. ಯೋಧ ಬಾಗಿಲಲ್ಲಿ ಜಗಳ ತೆಗೆದು ಕಾವಲಿನವರನ್ನು ಸೆಳೆಯಲಿ, ಅವಳ ದಾಳ ಗೆದ್ದರೆ ನಿಂಜಾಗೆ ದಾರಿ ಸಲೀಸಾಗಲಿ. ನಿಂಜಾ ಕಂಡುಕೊಂಡು ಬಂದ ಗುಟ್ಟಿನ ಪ್ರಯೋಜನ ಅವನಿಗಲ್ಲ, ಗೆಳೆಯರಿಗೆ ಸಲ್ಲಲಿ: ದಳವಾಯಿಯ ಎಡಗಾಲು ಕುಂಟು ಎಂದು ಅವನು ಬಂದು ಹೇಳಿದರೆ, ಯೋಧನ ಮೊದಲ ಏಟಿಗೆ ಎರಡು ದಾಳ. ಮರೆಯ ಏಟಿನ ಹೆಚ್ಚಿನ ದಾಳವೂ ಪಕ್ಕದಲ್ಲಿ ಗೆಳೆಯನಿದ್ದಾಗಲೇ ಸಿಗಲಿ. ಒಂಟಿ ಸುತ್ತಾಟವನ್ನು ಮೂರು ಸಲ ದಾಳ ಹಾಕಿ ಹತ್ತು ನಿಮಿಷದಲ್ಲಿ ಮುಗಿಸಿ. ಇವೆಲ್ಲ ಹಾಗೆಯೇ ಇರಬೇಕೆಂದಿಲ್ಲ. ನಾಲ್ಕು ಭಾನುವಾರ ಆಡಿಸಿ, ಯಾವುದು ನಿಲ್ಲುತ್ತದೋ ಅದನ್ನು ಬರೆಯಿರಿ. ನಿಲ್ಲದ್ದು ಏಕೆ ನಿಲ್ಲಲಿಲ್ಲ ಎಂಬುದನ್ನೂ ಬರೆಯಿರಿ. ನನಗೆ ಅದು ಇನ್ನೂ ಹೆಚ್ಚು ಬೇಕು.

ನಿಮ್ಮ ಕಥೆಯ ಕೋಟೆ ನನಗೆ ತುಂಬ ಇಷ್ಟವಾಯಿತು. ಹೆಸರು ಬದಲಿಸಿದ್ದರೂ ಅದು ಶ್ರೀರಂಗಪಟ್ಟಣವೇ, ನಡುಗಡ್ಡೆ, ಎರಡು ಕವಲಾದ ಕಾವೇರಿ. ಆದರೆ ಹೊಳೆಯನ್ನು ಬರೀ ಚಿತ್ರಕ್ಕೆ ಇಟ್ಟಿದ್ದೀರಿ. ಅದೇ ನಿಮ್ಮ ಅತ್ಯುತ್ತಮ ಕಡಿವಾಣ. 1799ರ ಮೇ 4ರಂದು ಬ್ರಿಟಿಷರು ಕೋಟೆಗೆ ನುಗ್ಗಿದ್ದು ಹಾಡಹಗಲಲ್ಲಿ, ಬೇಸಿಗೆಗೆ ಹೊಳೆ ಬತ್ತಿ ಬಂಡೆ ಮೇಲೆದ್ದಿದ್ದಾಗ. ಮುಂಗಾರು ಹಿಡಿದ ಮೇಲೆ ಅದೇ ಜಾಗ ದಾಟುವುದು ಬೇರೆಯೇ ಮಾತು. ಬೇಸಿಗೆಯಲ್ಲಿ ನಿಂಜಾಗೆ ದಾರಿಯುಂಟು, ಅಡಗಲು ನೀರಿಲ್ಲ. ಮಳೆಗಾಲದಲ್ಲಿ ಅಡಗಬಹುದು, ಆದರೆ ಹರಿಗೋಲು ಹಿಡಿಯಲು ಇನ್ನಿಬ್ಬರು ಬೇಕು. ಒಂದು ನಿಯಮವನ್ನೂ ಬರೆಯದೆ ನಿಮ್ಮ ತಕ್ಕಡಿ ಅರ್ಧ ಸರಿಹೋಗುತ್ತದೆ. ಹಾಗೆಯೇ ಕಾವೇರಿ ದಡದ ಕೋಟೆಗೆ ಸಮುರಾಯ್ ಕಾವಲು ಏಕೆ? ದಸರೆಯ ವಿಜಯದಶಮಿಯಂದು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳಿದ್ದಾರೆ. ತಲೆ ಬೋಳಿಸಿ, ಮುಷ್ಟಿಗೆ ಆಯುಧ ತೊಟ್ಟು, ತಲೆಯಿಂದ ಮೊದಲ ಹನಿ ರಕ್ತ ಬಂದೊಡನೆ ಕಾಳಗ ಮುಗಿಯುತ್ತದೆ. ಮೊದಲ ಏಟೇ ಎಲ್ಲವೂ ಆಗಿರುವ ನಿಂಜಾ ಎದುರು ಅಂಥವನೊಬ್ಬ ನಿಂತರೆ ಹೇಗಿರುತ್ತದೆ, ಯೋಚಿಸಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಗುಪ್ತ ಆಕ್ರಮಣ ಸಾಮರ್ಥ್ಯವನ್ನು ಪ್ರಯೋಗಿಸಲಾಗುತ್ತದೆ’ ಎಂದು ಬರೆದಿದ್ದೀರಿ. ನೀವೇ ಕೊಟ್ಟ ಸಂಭಾಷಣೆಯಲ್ಲಿ ನಿಮ್ಮ ಗೆಳೆಯ ‘ಹಿಂದ್ಗಡೆಯಿಂದ ಒಂದು ಇಕ್ತೀನಿ’ ಅನ್ನುತ್ತಾನೆ. ಇಡೀ ಲೇಖನ ಅವನ ಬಾಯಲ್ಲಿ ಬರಬೇಕಿಲ್ಲ, ಆದರೆ ಅವನಿಗೆ ಓದಿ ಹೇಳಿದರೆ ನಗದಂತೆ ಇರಬೇಕು. ‘ಪ್ರಸ್ತುತ ಲೇಖನದಲ್ಲಿ ಚರ್ಚಿಸಲಾಗುವುದು’ ಎಂಬ ಮೊದಲ ಪ್ಯಾರಾ ಪೂರ್ತಿ ಹೋಗಲಿ.

ಆರು ಪುಟ ಸಾಕು. ಒಂದು ಟೇಬಲ್ ಇರಲಿ, ತಾಗುವ ಸಂಭವ ಸೇರಿಸಿ ಲೆಕ್ಕ ಹಾಕಿದ್ದು. ದಾಳ ಪೇರಿಸುತ್ತಿದ್ದ ಹುಡುಗಿಯಿಂದ ಶುರು ಮಾಡಿ. ಅವಳು ಒಪ್ಪಿದರೆ ಹೆಸರು ಹಾಕಿ, ಇಲ್ಲದಿದ್ದರೆ ಬದಲಿಸಿ, ಕೇಳಿದ ಪ್ರಶ್ನೆಯನ್ನು ಮಾತ್ರ ಅವಳು ಕೇಳಿದ ಹಾಗೆಯೇ ಇಡಿ. ಅವಳಿಗೆ ಆವತ್ತು ನೀವೇನು ಉತ್ತರ ಕೊಟ್ಟಿರಿ ಎಂಬುದು ಹನ್ನೆರಡು ಪುಟದಲ್ಲಿ ಎಲ್ಲೂ ಇಲ್ಲ. ಅದನ್ನು ಬರೆಯಿರಿ.

ಇತಿ,
ಸಂಪಾದಕ, ಮೈಸೂರು