ಜಾಸ್ತಿ ದುಡ್ಡು ಕೊಟ್ಟೋರೇ ಸಭೆ ಹಿರಿಯರಾಗ್ಬೇಕಾ?

ಪ್ರಶ್ನೆ: ನಮ್ ಚರ್ಚ್ ಸಭೇಲಿ ಹಿರಿಯರ, ಅಂದ್ರೆ ಸಭೆ ನೋಡ್ಕೊಳ್ಳೋರ, ಒಂದು ಜಾಗ ಖಾಲಿ ಇದೆ. ಒಬ್ರು ಕಾಂಟ್ರಾಕ್ಟರು, ಚರ್ಚ್ ಕಟ್ಟೋಕೆ ಎಲ್ಲರಿಗಿಂತ ಜಾಸ್ತಿ ಕೊಟ್ಟಿದಾರೆ. ಇನ್ನೊಬ್ರು ಟೈಲರು, ಬೈಬಲ್ ಸ್ಟಡಿ ಚೆನ್ನಾಗ್ ಮಾಡ್ತಾರೆ, ಆದ್ರೆ ಅವರ ದೊಡ್ಡ ಮಗ ಚರ್ಚಿಗೆ ಬರೋದೇ ಬಿಟ್ಟಿದಾನೆ. ಯಾರನ್ನ ಆರಿಸ್ಬೇಕು?

ಉತ್ತರ: ಹೆಸರು ನಾನು ಹೇಳಲ್ಲ ಬಿಡಿ, ಹೇಳಿದ್ರೆ ನಿಮ್ ಸಭೇಲಿ ಜಗಳ ಶುರು ಆಗುತ್ತೆ. ಬೈಬಲಲ್ಲಿ ಪೌಲ ತನ್ನ ಜೊತೆ ಕೆಲಸಗಾರರಾದ ತಿಮೊಥೆಯ, ತೀತ ಇಬ್ಬರಿಗೂ ಬರೆದ ಪತ್ರಗಳಿವೆ, ಅದ್ರಲ್ಲಿ 1 ತಿಮೊಥೆಯ 3 ಮತ್ತೆ ತೀತ 1, ಎರಡೂ ಅಧ್ಯಾಯ ಒಟ್ಟಿಗೆ ಓದ್ನೋಡಿ. ತಿಮೊಥೆಯನಿಗೆ ಬರೆದ ಪಟ್ಟಿಲಿ 15ರ ಆಸುಪಾಸು ಗುಣ ಇವೆ, ಅದ್ರಲ್ಲಿ ಪ್ರತಿಭೆ ಅಂತ ಕರೀಬಹುದಾದ್ದು ಬೋಧಿಸೋ ಸಾಮರ್ಥ್ಯ ಒಂದೇ, ಮಿಕ್ಕಿದ್ದೆಲ್ಲ ಮನುಷ್ಯ ಮನೇಲಿ ಬೀದೀಲಿ ಹೇಗಿದಾನೆ ಅನ್ನೋದು, ಕುಡೀತಾನಾ, ಕೈ ಎತ್ತುತಾನಾ, ದುಡ್ಡಿನ ಆಸೆ ಎಷ್ಟು, ಮನೆಗೆ ಬಂದೋರಿಗೆ ಊಟ ಹಾಕ್ತಾನಾ ಅಂತ. ಕಾಣಿಕೆ ಎಷ್ಟು ಕೊಟ್ಟ ಅಂತ ಎಲ್ಲೂ ಇಲ್ಲ. ಚಿನ್ನದ ಉಂಗುರದವನಿಗೆ ಒಳ್ಳೆ ಸೀಟು ಕೊಡೋರನ್ನ ಯಾಕೋಬನ ಪತ್ರ 2ನೇ ಅಧ್ಯಾಯದಲ್ಲಿ ಚೆನ್ನಾಗಿ ಬೈದೂ ಇದೆ.

ಹಂಗಂತ ಕಾಂಟ್ರಾಕ್ಟರನ್ನ ದುಡ್ಡಿದೆ ಅಂತ ತಳ್ಳಿಹಾಕೋದೂ ಸರಿಯಲ್ಲ. 1 ತಿಮೊಥೆಯ 3ರ 7ನೇ ವಚನ ಹೊರಗಿನವರಿಂದ ಒಳ್ಳೆ ಹೆಸರು ಇರ್ಬೇಕು ಅನ್ನುತ್ತೆ, ನಾವು ಮರೆಯೋದೇ ಇದನ್ನ. ಅವರ ಸೈಟಲ್ಲಿ ಕೆಲಸ ಮಾಡೋ ಗಾರೆಯವರನ್ನ ಕೇಳಿ, ಶನಿವಾರ ಬಟವಾಡೆ ಸರಿಯಾಗಿ ಆಗುತ್ತಾ ಅಂತ. ಅವರು ಕ್ರೈಸ್ತರೇ ಆಗಿರ್ಬೇಕು ಅಂತೇನಿಲ್ಲ, ಆಗಿಲ್ದಿದ್ರೇ ಒಳ್ಳೇದು.

ಈಗ ಟೈಲರ್ ಮಗನ ವಿಷ್ಯ, ಇದು ಕಷ್ಟದ್ದು. ತನ್ನ ಮನೆಯನ್ನೇ ನೋಡ್ಕೊಳ್ಳೋಕೆ ಬರ್ದೋನು ದೇವರ ಸಭೆಯನ್ನ ಹೇಗೆ ನೋಡ್ಕೊತಾನೆ ಅಂತ ಪೌಲ ಕೇಳ್ತಾನೆ. ತೀತ 1:6ರಲ್ಲಿ ಮಕ್ಕಳ ಬಗ್ಗೆ ಬರೋ ಗ್ರೀಕ್ ಪದಕ್ಕೆ ನಂಬಿಕೆ ಇರೋರು ಅಂತಾನೂ ಅರ್ಥ, ನಂಬಿಗಸ್ತರು ಅಂತಾನೂ ಅರ್ಥ, ಪಂಡಿತರು ಇವತ್ತಿಗೂ ಒಪ್ಪಿಲ್ಲ. ನನ್ ಪ್ರಕಾರ ಅಪ್ಪನ ಸೂರಿನಡಿ ಬೆಳೀತಿರೋ ಮಕ್ಕಳ ಮಾತು ಅದು, ಮೂವತ್ತು ವರ್ಷದ ಮಗ ಬೇರೆ ಊರಲ್ಲಿ ಸಂಸಾರ ಹೂಡಿ ಚರ್ಚ್ ಬಿಟ್ರೆ ಅಪ್ಪನಿಗೆ ಮಾರ್ಕ್ಸ್ ಕಟ್ ಮಾಡೋದು ಅನ್ಯಾಯ. ಆದ್ರೆ ಮಗ ಬಿಟ್ಟಿದ್ದು ಅಪ್ಪನ ಹೊಡೆತ ತಾಳಲಾರದೆ ಅಂತಾದ್ರೆ ಕಥೆನೇ ಬೇರೆ, ಬೈಬಲ್ ಸ್ಟಡಿ ಎಷ್ಟು ಚೆನ್ನಾಗಿದ್ರೂ ನಾನು ಓಟ್ ಹಾಕಲ್ಲ. ಮೊದ್ಲು ಇದನ್ನ ತಿಳ್ಕೊಳ್ಳಿ. ಇಬ್ಬರೂ ಸರಿ ಅನಿಸ್ಲಿಲ್ವಾ, ಜಾಗ ಇನ್ನೊಂದ್ ವರ್ಷ ಖಾಲಿ ಇರ್ಲಿ ಬಿಡಿ. ಅವಸರದಲ್ಲಿ ಯಾರ ತಲೆ ಮೇಲೂ ಕೈ ಇಡ್ಬೇಡ, ಅಂದ್ರೆ ಯಾರನ್ನೂ ನೇಮಿಸ್ಬೇಡ ಅಂತ 1 ತಿಮೊಥೆಯ 5:22ರಲ್ಲಿದೆ.

ಪ್ರಶ್ನೆ: ನಂಗೆ 34. ಹಿರಿಯ ಅಂದ್ರೆ ತಲೆ ನೆರೆತಿರ್ಬೇಕಾ?

ಉತ್ತರ: ಎಲ್ಲೂ ವಯಸ್ಸಿನ ನಂಬರ್ ಇಲ್ಲ, ಯೌವನದ ಕಾರಣಕ್ಕೆ ಯಾರೂ ನಿನ್ನ ಕಡೆಗಣಿಸ್ದಂಗೆ ನೋಡ್ಕೋ ಅಂತ ತಿಮೊಥೆಯನಿಗೇ ಹೇಳಿದಾರೆ. ಹೊಸದಾಗಿ ನಂಬಿದೋರು ಬೇಡ ಅನ್ನೋದು ಮಾತ್ರ ಇದೆ, ಗರ್ವ ಬರುತ್ತೆ ಅಂತ. ಮಜಾ ಏನಂದ್ರೆ ಕ್ರೇತ ದ್ವೀಪದಲ್ಲಿದ್ದ ತೀತನಿಗೆ ಬರೆದ ಪಟ್ಟಿಲಿ ಈ ಮಾತೇ ಇಲ್ಲ, ಅಲ್ಲಿನ ಸಭೆಗಳೇ ಹೊಸವು, ಹಳಬರನ್ನ ಎಲ್ಲಿಂದ ತರೋದು!

ಪ್ರಶ್ನೆ: ಹಿರಿಯ ಆಗ್ಬೇಕು ಅಂತ ನಾವೇ ಆಸೆಪಡೋದು ತಪ್ಪಾ?

ಉತ್ತರ: ತಪ್ಪಲ್ಲ, ಒಳ್ಳೆ ಕೆಲಸಕ್ಕೆ ಆಸೆಪಡ್ತಿದೀರಿ ಅಂತ 1 ತಿಮೊಥೆಯ 3:1ರಲ್ಲೇ ಇದೆ. ಎಲೆಕ್ಷನ್ ಹಿಂದಿನ ಭಾನುವಾರ ಇಡೀ ಸಭೆಗೆ ಬಿರಿಯಾನಿ ಹಾಕ್ಸೋದು ಮಾತ್ರ ಅತಿಥಿಸತ್ಕಾರದ ಲೆಕ್ಕಕ್ಕೆ ಬರಲ್ಲ.